ರಬಾಳೆಯ ಮೂಗಿನ ಕ್ಲಾಸು

ಸರಳಾ ರುಚಿ ನೋಡಿ ಅಡುಗೆ ಮಾಡಿದವಳಲ್ಲ. ನೈವೇದ್ಯಕ್ಕೆ ಮೊದಲು ನಾಲಿಗೆಗೆ ತಾಗಿಸಿದರೆ ಅದು ಎಂಜಲು, ಎಂಜಲನ್ನು ದೇವರ ಮುಂದೆ ಇಡುವಂತಿಲ್ಲ. ಮೈಸೂರಿನಲ್ಲಿ ಅವಳ ಅಜ್ಜಿ ಹಾಗೆಯೇ ಅಡುಗೆ ಮಾಡುತ್ತಿದ್ದರು, ಅಮ್ಮನೂ ಹಾಗೆಯೇ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ದಿನವಿಡೀ ಜನರನ್ನು ಗದರಿಸಿ ನಿವೃತ್ತಳಾದ ಸರಳಾ ಠಾಣೆಯ ಘೋಡಬಂದರ್ ರಸ್ತೆಯ ಹದಿನೇಳನೇ ಮಹಡಿಯಲ್ಲೂ ಹಾಗೆಯೇ ಮಾಡಿಕೊಂಡು ಬಂದಿದ್ದಳು.

ಹಾಗಾದರೆ ಉಪ್ಪು ಸರಿಯಾಗಿದೆಯೆಂದು ಗೊತ್ತಾಗುವುದು ಹೇಗೆ? ಮೂಗಿನಿಂದ. ಉಪ್ಪಿಗೆ ವಾಸನೆಯೇ ಇಲ್ಲ ಎಂದು ಓದಿದವರು ವಾದ ಮಾಡುತ್ತಾರೆ, ಮಾಡಲಿ. ಕುದಿಯುವ ಹುಳಿಯ ಮೇಲೆ ಬಗ್ಗಿ ನೋಡಿ. ಉಪ್ಪು ಸಾಲದಿದ್ದರೆ ಹುಣಸೆಯ ವಾಸನೆ ಒಂದು ಕಡೆ, ಬೇಳೆಯ ವಾಸನೆ ಒಂದು ಕಡೆ. ಹದಕ್ಕೆ ಬಂತೋ, ಎರಡೂ ರಾಜಿಯಾಗಿ ಒಂದಾಗುತ್ತವೆ. ಹೆಚ್ಚಾಯಿತೋ, ಆವಿ ಮೂಗಿನೊಳಗೆ ಚುರ್ರೆನ್ನುತ್ತದೆ. ಇಷ್ಟು ತಿಳಿಯದವರು ಚಮಚ ನೆಕ್ಕಿಕೊಂಡು ಬಾಳಲಿ ಎಂಬುದು ಸರಳಾಳ ಅಭಿಪ್ರಾಯ.

ಗಂಡ ಅಶ್ವತ್ಥನಾರಾಯಣ ವಿಮಾ ಕಂಪನಿಯಲ್ಲಿ ದುಡಿದು ನಿವೃತ್ತರಾದವರು, ಹೊಗಳುವುದರಲ್ಲಿ ಬಲು ಜಿಪುಣ. ಆದರೆ ಹೆಂಡತಿಯ ಮೂಗಿನ ಮಾತು ಬಂದರೆ ಅವರ ಬಾಯಿಗೆ ಕಡಿವಾಣವಿರುತ್ತಿರಲಿಲ್ಲ. "ನಮ್ಮ ಸರಳಾ ಮದುವೆಯಾದಾಗಿನಿಂದ ಒಂದು ದಿನ ರುಚಿ ನೋಡಿಲ್ಲ, ಒಂದು ದಿನ ಉಪ್ಪು ತಪ್ಪಿಲ್ಲ" ಎಂದು ಲಿಫ್ಟಿನಲ್ಲಿ ಸಿಕ್ಕವರಿಗೂ ಹೇಳುತ್ತಿದ್ದರು. ಲಿಫ್ಟಿನಲ್ಲಿದ್ದವರು ಮರಾಠಿಗಳೋ ಗುಜರಾತಿಗಳೋ ಆಗಿದ್ದರೆ ಅದನ್ನೇ ತಮ್ಮ ಹರಕು ಹಿಂದಿಯಲ್ಲಿ ಇನ್ನೊಮ್ಮೆ ಹೇಳುತ್ತಿದ್ದರು.

ಆ ಮೂಗು ಕಳೆದ ಚಳಿಗಾಲದಲ್ಲಿ ಕೈಕೊಟ್ಟಿತು. ಒಂದು ವಾರ ಕೆಟ್ಟ ಜ್ವರ. ಜ್ವರ ಬಿಟ್ಟಿತು, ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಇಂಗಿನ ಡಬ್ಬಿಗೆ ಮೂಗಿಟ್ಟರೂ ಗಾಳಿ, ಕರ್ಪೂರಕ್ಕೆ ಮೂಗಿಟ್ಟರೂ ಗಾಳಿ. ಆದರೂ ಒಂದು ಸಮಾಧಾನವಿತ್ತು. ಊಟಕ್ಕೆ ಕೂತಾಗ ನಾಲಿಗೆಗೆ ಉಪ್ಪು, ಹುಳಿ, ಖಾರ ತಿಳಿಯುತ್ತಿತ್ತು, ಮತ್ತು ದಿನವೂ ಉಪ್ಪು ಸರಿಯಾಗಿಯೇ ಇರುತ್ತಿತ್ತು. ಮೂಗು ಹೋದರೇನು, ಕೈಗೆ ಅಳತೆಯ ನೆನಪಿದೆ ಎಂದು ಅವಳು ಒಳಗೊಳಗೇ ಬೀಗಿದಳು. ಗಂಡನಿಗೆ ಹೇಳಲಿಲ್ಲ. ಅಷ್ಟು ವರ್ಷ ಮೆರೆಸಿದ ಮನುಷ್ಯನಿಗೆ ಈಗ ಮೂಗೇ ಇಲ್ಲ ಎಂದು ಹೇಗೆ ಹೇಳುವುದು?

ಅಶ್ವತ್ಥನಾರಾಯಣರಿಗೆ ಇದಾವುದರ ಸುಳಿವೂ ಇದ್ದಂತಿರಲಿಲ್ಲ. ಅವರಿಗೆ ಈಚೆಗೆ ಭಕ್ತಿ ಹೆಚ್ಚಾಗಿತ್ತು. ಅಡುಗೆಮನೆಯ ಪಕ್ಕದ ಬಾಲ್ಕನಿಯನ್ನು ದೇವರಮನೆ ಮಾಡಿ ಪರದೆ ಕಟ್ಟಿದ್ದರು. ನೈವೇದ್ಯದ ಪಾತ್ರೆಗಳನ್ನು ತಾವೇ ಒಳಗೆ ಒಯ್ದು, ಪರದೆ ಎಳೆದು, ಗಂಟೆ ಬಾರಿಸಿದ ಮೇಲೂ ಎಷ್ಟೋ ಹೊತ್ತು ಹೊರಗೆ ಬರುತ್ತಿರಲಿಲ್ಲ. ಸಾರು ಆರಿಹೋಗುತ್ತದೆ ಎಂದು ಸರಳಾ ಗೊಣಗುತ್ತಿದ್ದಳು. ಮಳೆ ಹಿಡಿದ ಮೇಲೆ ಒಂದು ದಿನ ದೇವರಮನೆ ಒರೆಸುವಾಗ ವಿಭೂತಿಯ ಬೆಳ್ಳಿ ಕರಡಿಗೆ ತಳದಲ್ಲಿ ನೀರೂರಿ ಒದ್ದೆಯಾಗಿತ್ತು. ಈ ಠಾಣೆಯ ಮಳೆಯಲ್ಲಿ ವಿಭೂತಿಯೂ ಬೆವರುತ್ತದಲ್ಲ ಎಂದು ಬೈದುಕೊಂಡು, ಮುಚ್ಚಳ ತೆಗೆಯದೆ ಹೊರಗಷ್ಟೇ ಒರೆಸಿಟ್ಟಳು.

ಅಷ್ಟರಲ್ಲಿ ತಾರಾನಾಥರ ಫೋನು ಬಂತು. ಅವರು ಡೊಂಬಿವಲಿಯ ಕನ್ನಡ ಬಳಗದ ಅಧ್ಯಕ್ಷರು. ಈ ಬಳಗ ಶ್ರಾವಣ ಶನಿವಾರದ ಪೂಜೆಯನ್ನು ಭಾನುವಾರ ಮಾಡುತ್ತದೆ. ಶನಿವಾರ ಅರ್ಧ ಜನಕ್ಕೆ ಆಫೀಸು, ಭಾನುವಾರ ಹಳಿ ದುರಸ್ತಿಗೆಂದು ರೈಲು ನಿಲ್ಲಿಸುವ ಮೆಗಾಬ್ಲಾಕ್ ಇದ್ದರೂ ದೇವರಿಗೆ ಪುರುಸೊತ್ತಿರುತ್ತದೆ. ಇನ್ನೂರು ಜನರ ಎಲೆಗೆ ಬೀಳುವ ಹುಳಿ ಪ್ರತಿವರ್ಷ ಸರಳಾಳದು.

"ಸರಳಕ್ಕ, ಈ ಸಲವೂ ಹುಳಿ ನಿಮ್ಮದೇ ಅಲ್ವಾ? ಬೇರೆಯವರ ಹತ್ರ ಮಾಡಿಸಿದ್ರೆ ಜನ ನನ್ನನ್ನು ಬಿಡುದಿಲ್ಲ ಮಾರಾಯ್ರೆ" ಎಂದರು ತಾರಾನಾಥ.

"ನಂದೇ. ಅದರಲ್ಲಿ ಕೇಳೋದೇನಿದೆ?" ಎಂದಳು ಸರಳಾ ಮ್ಯಾನೇಜರ್ ದನಿಯಲ್ಲಿ. ಫೋನಿಟ್ಟ ಮೇಲೆ ಅಲ್ಲೇ ಕುರ್ಚಿಯಲ್ಲಿ ಕುಸಿದಳು.

ಮನೆಯ ಪಾತ್ರೆಗೆ ಕೈಯ ನೆನಪು ಸಾಕು. ಇನ್ನೂರು ಜನರ ಹಂಡೆಗೆ ಯಾವ ಕೈಯ ನೆನಪು? ಅಲ್ಲಿ ಮೂಗೇ ಬೇಕು. ಉಪ್ಪು ತಪ್ಪಿದರೆ ಗಂಡನ ಅಷ್ಟು ವರ್ಷದ ಹೆಮ್ಮೆ ಒಂದೇ ಪಂಕ್ತಿಯಲ್ಲಿ ಮಣ್ಣುಪಾಲು. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಬ್ಯಾಂಕಿನ ಕುರ್ಚಿ ಹೋದಾಗ ಅವಳಿಗೆ ಏನೂ ಅನ್ನಿಸಿರಲಿಲ್ಲ. ಆದರೆ ಮೂಗಿಲ್ಲದ ಸರಳಾ ಯಾರು ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಗುಟ್ಟು ಗೊತ್ತಾದದ್ದು ಮಗಳು ಇಂಚರಳಿಗೆ. ಒಂದು ಸಂಜೆ ಒಲೆಯ ಮೇಲೆ ಹಾಲು ಸೀದು ಹೊಗೆಯೇಳುತ್ತಿದ್ದರೂ ಅಮ್ಮ ಅದರ ಪಕ್ಕದಲ್ಲೇ ನಿಂತು ನೆಮ್ಮದಿಯಾಗಿ ಬೀನ್ಸ್ ಹೆಚ್ಚುತ್ತಿದ್ದಳು. ಠಾಣೆಯಲ್ಲೇ ಹುಟ್ಟಿ ಬೆಳೆದ ಇಂಚರಳ ಕನ್ನಡ ಅರ್ಧ ದಾರಿಯಲ್ಲಿ ರೈಲು ಬದಲಾಯಿಸುತ್ತದೆ.

"ಅಮ್ಮ, ಟೆನ್ಷನ್ ಘೇವೂ ನಕೊ, ಟೆನ್ಷನ್ ಬೇಡ. ವಾಸನೆ ಹೋದ್ರೆ ಮೂಗಿಗೆ ಪ್ರಾಕ್ಟೀಸ್ ಬೇಕು ಅಂತ ಡಾಕ್ಟರ್ ಲೋಗ್ ಬೋಲ್ತೇ ಹೈ ನಾ? ನನ್ನ ಫ್ರೆಂಡು ಒಂದು ಕ್ಲಾಸಿಗೆ ಹೋಗ್ತಾಳೆ, ರಬಾಳೆಯಲ್ಲಿ. ಅಲ್ಲಿ ಬರೀ ಮೂಸೋದೇ ಕೆಲಸ."

"ಏನನ್ನ ಮೂಸೋದು?"

"ವೈನ್."

ಸರಳಾ ಬೀನ್ಸ್ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಬ್ಯಾಂಕಿನ ಪಾರ್ಟಿಗಳಲ್ಲಿ ಕಿತ್ತಳೆ ರಸದ ಗ್ಲಾಸು ಹಿಡಿದು ಸಾಕಷ್ಟು ಜನ ಕುಡುಕರನ್ನು ಸಂಭಾಳಿಸಿದ ಹೆಂಗಸು ಅವಳು, ವೈನಿನ ಹೆಸರಿಗೆ ಬೆಚ್ಚುವವಳಲ್ಲ. ಕೆಮ್ಮಿನ ಔಷಧಿಯಲ್ಲಿ ಇರುವುದೂ ಅದೇ ಎಂದುಕೊಂಡಳು. ಮಡಿಯ ಅಡುಗೆಗೆ ಒಂದು ಸೀರೆ, ವೈನಿನ ಕ್ಲಾಸಿಗೆ ಒಂದು ಸೀರೆ ಎಂದು ಆಗಲೇ ತೀರ್ಮಾನಿಸಿಬಿಟ್ಟಳು. ಗಂಡನಿಗೆ, ಶನಿವಾರ ಮಧ್ಯಾಹ್ನ ದ್ರಾಕ್ಷಿಯ ಬಗ್ಗೆ ಒಂದು ಕ್ಲಾಸಿದೆ ಎಂದಳು. ಅದರಲ್ಲಿ ಸುಳ್ಳಿನ ಒಂದಕ್ಷರವೂ ಇರಲಿಲ್ಲ. "ಹೋಗಿ ಬಾ, ದ್ರಾಕ್ಷಿ ಒಳ್ಳೇದು" ಎಂದರು ಅಶ್ವತ್ಥನಾರಾಯಣ ಪೇಪರಿನಿಂದ ತಲೆಯೆತ್ತದೆ.

ಕ್ಲಾಸು ನಡೆಯುತ್ತಿದ್ದದ್ದು ರಬಾಳೆಯ ಕಾರ್ಖಾನೆಗಳ ನಡುವೆ, ಒಂದು ಗೋದಾಮಿನ ಮೇಲಿನ ತಣ್ಣನೆಯ ಕೋಣೆಯಲ್ಲಿ. ಪಾಠ ಹೇಳುವವನು ಸೂರಜ್. ಕುಂದಾಪುರದ ಕಡೆಯ ಮನೆತನ, ಕಲ್ಯಾಣದಲ್ಲಿ ಬೆಳೆದವನು, ದೊಡ್ಡ ಹೋಟೆಲುಗಳಲ್ಲಿ ವೈನು ಬಡಿಸಿ ಕೂದಲು ನರೆಸಿಕೊಂಡವನು. ಸರಳಾಳ ಹೆಸರು ಕೇಳಿದ್ದೇ ಕನ್ನಡಕ್ಕೆ ತಿರುಗಿದ. ಉಳಿದವರು ಐಟಿಯ ಹುಡುಗ ಹುಡುಗಿಯರು. ಮೊದಲ ದಿನ ಜೊತೆಗೆ ಬಂದಿದ್ದ ಇಂಚರ ಅಮ್ಮನನ್ನು ಕೂರಿಸಿ, ಬೆನ್ನು ತಟ್ಟಿ, ಹಿಂದಿನ ಸಾಲಿಗೆ ಹೋದಳು.

ಸೂರಜ್ ಗ್ಲಾಸಿಗೆ ಒಂದಿಷ್ಟೇ ಕೆಂಪು ವೈನು ಸುರಿದು, ಗರಗರ ತಿರುಗಿಸಿ, ಮೂಗನ್ನು ಒಳಗೆ ತೂರಿಸಿ ತೋರಿಸಿದ. ಎಲ್ಲರೂ ತೂರಿಸಿದರು. ಸರಳಾಳೂ ತೂರಿಸಿದಳು. ಗಾಳಿ.

"ಮೇಡಂ, ಮೂಗಿಗೆ ಎಂಥ ಬರ್ತಾ ಉಂಟು ಹೇಳಿ" ಎಂದ ಸೂರಜ್. "ಹೆದರ್ಬೇಡಿ. ಇಲ್ಲಿ ತಪ್ಪು ಉತ್ತರ ಅಂತ ಇಲ್ಲ."

ತಪ್ಪು ಉತ್ತರವೇ ಇಲ್ಲದ ಪರೀಕ್ಷೆಯನ್ನು ಸರಳಾ ಜೀವಮಾನದಲ್ಲಿ ಕಂಡಿರಲಿಲ್ಲ. ಅಂಥ ಪರೀಕ್ಷೆಯಲ್ಲಿ ಫೇಲಾಗುವುದು ಮೂರ್ಖತನ ಅನ್ನಿಸಿತು. ಮೂಗು ಖಾಲಿಯಾಗಿದ್ದರೂ ನೆನಪು ಖಾಲಿಯಾಗಿರಲಿಲ್ಲ. ಆಡಿಟ್‌ನವರ ಮುಂದೆ ಮಾತಾಡುವ ದನಿಯಲ್ಲಿ ಹೇಳಿದಳು: "ಹಳೇ ಗಂಧದ ಪೆಟ್ಟಿಗೆ. ಅದರೊಳಗೆ ಯಾರೋ ನೇರಳೆಹಣ್ಣು ಇಟ್ಟು ಮರೆತಿದ್ದಾರೆ. ಪಕ್ಕದಲ್ಲಿ ಎರಡು ಲವಂಗ."

ಸೂರಜ್ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ. ಕೋಣೆಯಲ್ಲಿ ಎಲ್ಲರೂ ಮತ್ತೆ ಮೂಗು ತೂರಿಸಿದರು. ಒಬ್ಬ ಹುಡುಗ ನೇರಳೆ ಸಿಕ್ಕಿತೆಂದು ಕಣ್ಣರಳಿಸಿ "ಹಾಂ, ಜಾಮೂನ್ ಹೈ" ಎಂದ. ಪಕ್ಕದವಳಿಗೆ ಲವಂಗವೂ ಸಿಕ್ಕಿತು, ಅದೂ ಸರಿಯಾಗಿ ಎರಡೇ. ಹಿಂದಿನ ಸಾಲಿನಲ್ಲಿ ಇಂಚರ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಿದ್ದಳು.

ಆಮೇಲೆ ಕುಡಿಯುವ ಸರದಿ. ಮೇಜಿನ ನಡುವೆ ಒಂದು ಸ್ಟೀಲಿನ ಬಕೆಟ್ಟಿತ್ತು. ಕೈತೊಳೆಯಲಿಕ್ಕಿರಬೇಕು ಎಂದು ಸರಳಾ ಭಾವಿಸಿದ್ದಳು. ನೋಡನೋಡುತ್ತಿದ್ದಂತೆ ಒಳ್ಳೆ ಮನೆಯ ಮಕ್ಕಳಂತೆ ಕಾಣುವವರೆಲ್ಲ ಒಬ್ಬೊಬ್ಬರಾಗಿ ಬಾಯಿ ಮುಕ್ಕಳಿಸಿ ಅದರೊಳಗೆ ಉಗುಳಿದರು. ಅದೂ ಮೇಜಿನ ಮೇಲೆ, ಒಂದೇ ಬಕೆಟ್ಟಿಗೆ, ಎಲ್ಲರ ಎಂಜಲು. ಸರಳಾಳಿಗೆ ವೈನಿನಿಂದ ಆಗದ ಆಘಾತ ಈ ಬಕೆಟ್ಟಿನಿಂದ ಆಯಿತು.

"ಉಗುಳಿದ್ರೆ ತಲೆ ತಿರುಗುದಿಲ್ಲ ಮೇಡಂ, ಅದಕ್ಕೆ" ಎಂದ ಸೂರಜ್.

"ತಲೆ ತಿರುಗಲಿ ಬಿಡಿ" ಎಂದಳು ಸರಳಾ. ಅಷ್ಟೇ ಅಲ್ಲ, ಯಾರು ಯಾರೋ ಬಾಯಿಟ್ಟಿರಬಹುದಾದ ಗ್ಲಾಸಿಗೆ ತುಟಿ ಹಚ್ಚುವುದು ಅವಳಿಂದಾಗದ ಮಾತು. ಕತ್ತು ಹಿಂದಕ್ಕೆ ವಾಲಿಸಿ, ಗ್ಲಾಸನ್ನು ಒಂದು ಗೇಣು ಮೇಲಕ್ಕೆತ್ತಿ, ಮನೆಯಲ್ಲಿ ಚೊಂಬಿನಿಂದ ನೀರು ಕುಡಿಯುವಂತೆ, ಒಂದು ಹನಿ ಚೆಲ್ಲದೆ ಬಾಯಿಗೆ ಸುರಿದುಕೊಂಡಳು.

ಸೂರಜ್ ಮೇಜು ತಟ್ಟಿ ನಕ್ಕ. ಕೆಂಪು ವೈನಿಗೆ ಗಾಳಿ ತಾಗಬೇಕು, ಆಗಲೇ ರುಚಿ ಬಿಚ್ಚಿಕೊಳ್ಳುವುದು, ಅದಕ್ಕೆಂದೇ ಜನ ಗಾಜಿನ ದೊಡ್ಡ ಹೂಜಿಗಳನ್ನು ಕೊಳ್ಳುತ್ತಾರೆ, ಈ ಮೇಡಂಗೆ ಹೂಜಿಯೇ ಬೇಡ ಎಂದು ಕ್ಲಾಸಿಗೆಲ್ಲ ವಿವರಿಸಿದ. ಹುಡುಗರಿಗೆ ಹುರುಪು ಬಂತು. ಎಲ್ಲರೂ ಎತ್ತಿ ಕುಡಿಯಲು ಹೋದರು. ಆ ದಿನ ಬಿಳಿ ಅಂಗಿ ಹಾಕಿಕೊಂಡು ಬಂದವರ ಗ್ರಹಚಾರ ಕೆಟ್ಟಿತ್ತು.

ಉಗುಳದೆ ಐದು ಬಗೆಯ ವೈನು ನುಂಗಿದ ಸರಳಾ ಮನೆಗೆ ಹೋಗುವಾಗ ಬಸ್ಸಿನಲ್ಲಿ ಕಂಡಕ್ಟರನಿಗೆ ಕಾರಣವಿಲ್ಲದೆ ಆಶೀರ್ವಾದ ಮಾಡಿದಳು. ಬಾಯಿಗೆ ಏಲಕ್ಕಿ ಹಾಕಿಕೊಂಡು ಬಾಗಿಲು ತಟ್ಟಿದಳು. ಅಶ್ವತ್ಥನಾರಾಯಣ ಬಾಗಿಲು ತೆಗೆದು, "ದ್ರಾಕ್ಷಿ ಹೇಗಿತ್ತು?" ಎಂದರು. "ಭಾಳ ಚೆನ್ನಾಗಿತ್ತು" ಎಂದು ಅವಳು ಸೀದಾ ಹೋಗಿ ಮಲಗಿದಳು.

ಆಮೇಲಿನ ಶನಿವಾರಗಳಲ್ಲಿ ಅವಳು ಒಬ್ಬಳೇ ಹೋದಳು. ನಾಸಿಕದ ಬಿಳಿ ವೈನಿನಲ್ಲಿ ಅವಳಿಗೆ ಮಾಗದ ಸೀಬೆಕಾಯಿಯೂ ಇಸ್ತ್ರಿ ಮಾಡಿದ ವಾಯಿಲ್ ಸೀರೆಯೂ ಸಿಕ್ಕವು. ಇನ್ನೊಂದರಲ್ಲಿ ಮದುವೆಮನೆಯ ಉಗ್ರಾಣ, ಬೆಲ್ಲದ ಅಚ್ಚುಗಳನ್ನು ಒಡೆಯುವ ಹೊತ್ತು. ಹುಡುಗರು ಅವಳ ಮಾತು ಮುಗಿಯುವ ತನಕ ತಮ್ಮ ಗ್ಲಾಸು ಮುಟ್ಟುತ್ತಿರಲಿಲ್ಲ, ಆಂಟಿ ಏನು ಹೇಳುತ್ತಾಳೋ ಅದೇ ಅವರಿಗೂ ಬರುತ್ತಿತ್ತು. ಗಾಳಿಯಲ್ಲಿ ಹೀಗೆ ಗೋಪುರ ಕಟ್ಟುವುದು ಸರಳಾಳಿಗೆ ಬಲು ಖುಷಿ ಕೊಟ್ಟಿತು. ನಾಲಿಗೆಗೆ ತಿಳಿಯುವಷ್ಟನ್ನು ಮಾತ್ರ ಅವಳು ನಿಜವಾಗಿ ಕಲಿತಳು. ಹುಳಿ ಯಾವುದು, ಒಗರು ಯಾವುದು, ಸಿಹಿಯನ್ನು ಹಿಂದೆ ಅಡಗಿಸಿಟ್ಟುಕೊಂಡದ್ದು ಯಾವುದು. ಒಗರಿನ ಕೆಂಪು ವೈನು ಅವಳಿಗೆ ಹಿಡಿಸಿತು. ಬಿಳಿಯದನ್ನು ನಿಂಬೆಹಣ್ಣಿನ ಪಾನಕಕ್ಕೆ ಬೆಲ್ಲ ಹಾಕಲು ಮರೆತವರು ಮಾಡಿದ್ದು ಎಂದು ತಳ್ಳಿಹಾಕಿದಳು. ಆದರೆ ರೈಲಿನಲ್ಲಿ ವಾಪಸು ಬರುವಾಗ ಖುಷಿ ಇಳಿಯುತ್ತಿತ್ತು. ಶ್ರಾವಣ ಹತ್ತಿರ ಬರುತ್ತಿತ್ತು, ಮೂಗಿನೊಳಗೆ ಇನ್ನೂ ಗಾಳಿಯೇ ಇತ್ತು.

ಕೊನೆಯ ಕ್ಲಾಸು ಬಿದ್ದದ್ದು ಶ್ರಾವಣದ ಶನಿವಾರವೇ, ಬಳಗದ ಪೂಜೆಯ ಹಿಂದಿನ ದಿನ. ಒಪ್ಪೊತ್ತಿನ ಊಟ ಮುಗಿಸಿ ಬಂದಿದ್ದ ಸರಳಾ ಇವತ್ತು ಮೂಗು ಮಾತ್ರ, ಬಾಯಿಗಿಲ್ಲ ಎಂದು ಮೊದಲೇ ಹೇಳಿಬಿಟ್ಟಳು. ಸೂರಜನಿಗೆ ಮಳೆಯ ನೆಗಡಿ ಹಿಡಿದು ಮೂಗು ಕಟ್ಟಿ ಎರಡು ದಿನವಾಗಿತ್ತು. ಆದರೂ ಕೋರ್ಸಿನ ಕೊನೆಗೆಂದು ಇಟ್ಟಿದ್ದ ಹಳೆಯ ವಿದೇಶಿ ಬಾಟಲಿಯನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಬಂದ, ಬಿರಡೆ ತೆಗೆದ, ಎಲ್ಲರಿಗೂ ಸುರಿದ. ಈ ಸಲ ಆಂಟಿಯದು ಕೊನೆಗೆ, ಮೊದಲು ನೀವೇ ಹೇಳಿ ಎಂದು ಹುಡುಗರನ್ನು ಕೇಳಿದ. ಒಬ್ಬ ಚರ್ಮದ ಬೆಲ್ಟ್ ಎಂದ. ಇನ್ನೊಬ್ಬಳು ಮೊದಲ ಮಳೆಯ ಮಣ್ಣು ಎಂದಳು. ಬಾಟಲಿಯ ಬೆಲೆ ಎಲ್ಲರಿಗೂ ತಿಳಿದಿತ್ತು.

ಸರಳಾ ಹೇಳಬೇಕಾದ ಮಾತನ್ನು ಮೊದಲೇ ಸಿದ್ಧಮಾಡಿಕೊಂಡಿದ್ದಳು. ಹಳೆಯ ವೀಣೆಯ ಮರ, ಒಣಗಿದ ಸಂಪಿಗೆ. ಅಭ್ಯಾಸದಂತೆ ಗ್ಲಾಸು ತಿರುಗಿಸಿ ಮೂಗು ಇಳಿಸಿದಳು.

ತೊಯ್ದ ಗೋಣಿಚೀಲ.

ಬೆಚ್ಚಿ ತಲೆಯೆತ್ತಿದಳು. ಇದು ತಾನು ಕಟ್ಟಿದ್ದೋ, ಬಂದದ್ದೋ? ಇಷ್ಟು ವಾರ ಇಲ್ಲದ್ದನ್ನೆಲ್ಲ ಹೇಳಿ ಹೇಳಿ ಅವಳಿಗೇ ತನ್ನ ಮೂಗಿನ ಮೇಲೆ ನಂಬಿಕೆಯಿರಲಿಲ್ಲ. ಮತ್ತೆ ಬಗ್ಗಿದಳು. ರೇಷನ್ ಅಂಗಡಿಯ ಮೂಲೆಯಲ್ಲಿ ನೆನೆದು, ಮುಗ್ಗಲು ಹಿಡಿದು, ಮಡಿಸಿಟ್ಟ ಗೋಣಿಚೀಲ. ಕಟ್ಟುಕತೆಯಾಗಿದ್ದರೆ ಅವಳು ಇಷ್ಟು ಕೆಟ್ಟದ್ದನ್ನು ಕಟ್ಟುತ್ತಿರಲಿಲ್ಲ. ಸಂತೋಷಕ್ಕೆ ಅಳು ಬರುವಂತಾಗಿ ಗ್ಲಾಸನ್ನು ಕೆಳಗಿಟ್ಟಳು.

"ಇದು ಕೆಟ್ಟಿದೆ" ಎಂದಳು.

ಕೋಣೆ ನಕ್ಕಿತು. ಗಂಧದ ಪೆಟ್ಟಿಗೆಯನ್ನು ನಂಬಿದವರು, ಇಸ್ತ್ರಿ ಸೀರೆಯನ್ನು ನಂಬಿದವರು ಅವಳ ಮೊದಲ ನಿಜವನ್ನು ಮಾತ್ರ ತಮಾಷೆ ಎಂದುಕೊಂಡರು.

"ಮೇಡಂ, ಇದು ಭಾರಿ ಹಳೇದು. ಹಳೇದು ಹಾಗೇ ಇರ್ತದೆ" ಎಂದ ಸೂರಜ್ ಮೂಗು ಒರೆಸಿಕೊಳ್ಳುತ್ತ.

"ಹಳೇದಕ್ಕೂ ಮುಗ್ಗಲಿಗೂ ವ್ಯತ್ಯಾಸ ಇದೆ. ಇನ್ನೊಂದು ಬಾಟ್ಲಿ ಇದ್ದರೆ ತೆಗೀರಿ" ಎಂದಳು ಸರಳಾ. ಈ ದನಿಗೆ ಬ್ಯಾಂಕಿನಲ್ಲಿ ಯಾರೂ ಎದುರಾಡಿರಲಿಲ್ಲ. ಸೂರಜ್ ಒಂದು ಗಳಿಗೆ ಅವಳ ಮುಖ ನೋಡಿದ. ಬಿರಡೆಯನ್ನು ಮೂಗಿಗೆ ಹಿಡಿದ, ನೆಗಡಿಯಲ್ಲಿ ಏನೂ ತಿಳಿಯಲಿಲ್ಲ. ಕೆಳಗಿನ ಗೋದಾಮಿಗೆ ಹೋಗಿ ಅದೇ ವೈನಿನ ಇನ್ನೊಂದು ಬಾಟಲಿ ತಂದು ತೆಗೆದ.

ಹುಡುಗರು ಎರಡನ್ನೂ ಒಂದರ ಪಕ್ಕ ಒಂದಿಟ್ಟು ಮೂಸಿದರು. ಮೊದಲು ಚರ್ಮದ ಬೆಲ್ಟಿನವನು ಮುಖ ಕಿವುಚಿದ. ಆಮೇಲೆ ಮೊದಲ ಮಳೆಯವಳು ತನ್ನ ಗ್ಲಾಸನ್ನು ದೂರ ಸರಿಸಿದಳು. ಬಿರಡೆಯಲ್ಲಿ ಬೂಷ್ಟು ಸೇರಿದರೆ ವೈನು ಹೀಗೆ ಕೆಡುತ್ತದೆ, ಪುಸ್ತಕದಲ್ಲಿ ಓದಿಸುವುದು ಸುಲಭ, ಬಾಟಲಿಯಲ್ಲಿ ತೋರಿಸುವ ಭಾಗ್ಯ ಎಲ್ಲ ಬ್ಯಾಚಿಗೂ ಸಿಗುವುದಿಲ್ಲ ಎಂದು ಸೂರಜ್ ಉತ್ಸಾಹದಿಂದ ವಿವರಿಸಿದ. ನೆಗಡಿಯ ದಿನ ಈ ಬಾಟಲಿ ತೆಗೆದದ್ದಕ್ಕೆ ತನ್ನನ್ನೇ ಬೈದುಕೊಂಡ. ಆಮೇಲೆ ಒಳ್ಳೆಯ ಬಾಟಲಿಯ ಗ್ಲಾಸನ್ನು ಸರಳಾಳ ಮುಂದಿಟ್ಟು, "ಇದಕ್ಕೆ ಎಂಥ ಮೇಡಂ?" ಎಂದ.

ಎಲ್ಲರೂ ಕವಿತೆಗೆ ಕಾದರು. ಸರಳಾ ಕಣ್ಣು ಮುಚ್ಚಿ ನಿಧಾನವಾಗಿ ಉಸಿರೆಳೆದಳು. ಎಲ್ಲೋ ದೂರದಲ್ಲಿ, ತೆಳ್ಳಗೆ, ಆದರೆ ಅನುಮಾನವೇ ಇಲ್ಲದಂತೆ.

"ಒಣದ್ರಾಕ್ಷಿ" ಎಂದಳು.

"ಬಸ್, ಇತನಾ ಹೀ?" ಎಂದ ಜಾಮೂನಿನ ಹುಡುಗ.

"ಅಷ್ಟೇ" ಎಂದಳು ಸರಳಾ. ಅವಳ ಕಣ್ಣಲ್ಲಿ ನೀರಿತ್ತು. ಆಂಟಿಗೆ ಕ್ಲಾಸು ಮುಗಿದ ಬೇಸರ ಎಂದು ಹುಡುಗರು ತಿಳಿದರು.

ವಾಪಸಿನ ರೈಲಿನಲ್ಲಿ ಮೀನಿನ ಬುಟ್ಟಿಯೊಂದಿಗೆ ಒಬ್ಬಾಕೆ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಈರುಳ್ಳಿಯನ್ನೂ ಯೋಚಿಸಿ ತಿನ್ನುವ ಸರಳಾ ಬೇರೆ ದಿನವಾಗಿದ್ದರೆ ಸೆರಗು ಮೂಗಿಗೆ ಹಿಡಿದು ಮುಂದಿನ ಬಾಗಿಲಿಗೆ ಹೋಗುತ್ತಿದ್ದಳು. ಇವತ್ತು ಅಲ್ಲೇ ಕೂತು ಉದ್ದಕ್ಕೆ ಉಸಿರೆಳೆದಳು. ಬರುತ್ತಿತ್ತು. ಐರೋಲಿಯ ಹಿನ್ನೀರಿನ ಖಾಡಿಯ ಕೆಸರಿನ ನಾತ ಬಂತು, ಠಾಣೆ ಸ್ಟೇಷನ್ನಿನ ಮೂತ್ರಾಲಯದ ನಾತ ಬಂತು, ಹೊರಗೆ ವಡಾಪಾವಿನ ಗಾಡಿಯ ಎಣ್ಣೆ ಬಂತು. ಯಾರಿಗೂ ಹೇಳುವುದಿಲ್ಲ ಎಂದು ನಿಶ್ಚಯಿಸಿದಳು. ಹೇಳಿದರೆ ಮತ್ತೆ ಹೋಗಿಬಿಡಬಹುದು. ನಾಳೆ ಹಂಡೆಯ ಮುಂದೆ ನಿಂತು ನೋಡಿದ ಮೇಲೆ ಹೇಳಿದರಾಯಿತು. ರಾತ್ರಿ ಒಲೆ ಹಚ್ಚುವ ಕೆಲಸವೂ ಇರಲಿಲ್ಲ, ನೆನೆಸಿದ ಅವಲಕ್ಕಿಯಲ್ಲೇ ಮುಗಿಯಿತು.

ಭಾನುವಾರ ಡೊಂಬಿವಲಿಯ ಸಭಾಂಗಣದ ಹಿಂದಿನ ಅಡುಗೆಮನೆಯಲ್ಲಿ ಸರಳಾ ತಲೆಗೆ ಸ್ನಾನ ಮಾಡಿ, ಮಡಿ ಸೀರೆಯುಟ್ಟು, ಹಂಡೆಯ ಮುಂದೆ ನಿಂತಳು. ಬೇಳೆ, ಕುಂಬಳಕಾಯಿ, ಹುಣಸೆರಸ, ರುಬ್ಬಿದ ಮಸಾಲೆ. ಕುದಿ ಬಂತು. ಬಗ್ಗಿದಳು. ಹುಣಸೆ ಒಂದು ಕಡೆ, ಬೇಳೆ ಒಂದು ಕಡೆ. ಉಪ್ಪು ಹಾಕಿ ತಿರುವಿದಳು, ಮತ್ತೆ ಬಗ್ಗಿದಳು, ಇನ್ನೊಂದು ಹಿಡಿ ಹಾಕಿದಳು. ಆವಿ ಮೇಲೆದ್ದು ಬಂದಾಗ ಎರಡೂ ವಾಸನೆ ಕೂಡಿ ಒಂದಾಗಿತ್ತು. ಬಂದಿದೆ, ಎಲ್ಲ ವಾಪಸು ಬಂದಿದೆ ಎಂದು ಅವಳು ಸೌಟನ್ನು ಎದೆಗೆ ಹಿಡಿದುಕೊಂಡು ನಿಂತಳು. ಪಾತ್ರೆ ಇಳಿಸಲು ಬಂದಿದ್ದ ಯಂಕಪ್ಪ, ರಾಯಚೂರಿನ ಕಡೆಯವನು, "ಯಾಕ್ರಿ ಅಮ್ಮಾರ, ಹೊಗಿ ಕಣ್ಣಿಗೆ ಹೊಡೀತೇನ್ರಿ?" ಎಂದ.

"ಹೂಂ" ಎಂದು ಅವಳು ಪಾಯಸದ ಕಡೆ ಹೋದಳು. ಹಾಲು ಉಕ್ಕದಂತೆ ನೋಡಿ, ಏಲಕ್ಕಿ ಉದುರಿಸಿ, ಹಿಂದಿರುಗಿ ಬಂದು ಅಭ್ಯಾಸಬಲದಿಂದ ಹಂಡೆಯ ಮೇಲೆ ಇನ್ನೊಮ್ಮೆ ಬಗ್ಗಿದಳು.

ಮೂಗಿನೊಳಗೆ ಚುರ್ರೆಂದಿತು.

ಇದು ಸಾಧ್ಯವಿರಲಿಲ್ಲ. ಮತ್ತೆ ನೋಡಿದಳು. ಉಪ್ಪು ಹೆಚ್ಚಾಗಿದೆ, ಸ್ವಲ್ಪವಲ್ಲ. ತಾನು ಹಾಕಿದ್ದು ಸರಿಯಿತ್ತು, ಅದನ್ನು ಅವಳು ದೇವರ ಮುಂದೆ ಪ್ರಮಾಣ ಮಾಡಿಯೂ ಹೇಳಬಲ್ಲಳು. ಸುತ್ತ ನೋಡಿದಳು. ನೀರಿನ ಡ್ರಮ್ಮಿನ ಪಕ್ಕದಲ್ಲಿ ಅಶ್ವತ್ಥನಾರಾಯಣ ಮಡಿ ಪಂಚೆಯುಟ್ಟು, ಪೂಜೆಗೆ ನೀರು ತೆಗೆದುಕೊಳ್ಳಲು ಬಂದವರಂತೆ ನಿಂತಿದ್ದರು. ಬಲಗೈಯನ್ನು ಶಲ್ಯದ ತುದಿಗೆ ಒರೆಸುತ್ತಿದ್ದರು. ಮಳೆಗಾಲದ ಒದ್ದೆ ಉಪ್ಪು ಅಂಗೈ ಬಿಟ್ಟು ಹೋಗುತ್ತಿರಲಿಲ್ಲ.

ಸರಳಾಳಿಗೆ ದೇವರಮನೆಯ ಕರಡಿಗೆ ನೆನಪಾ​ಯಿತು. ವಿಭೂತಿ ಮಳೆಗೆ ಗಟ್ಟಿಯಾಗಬಹುದು, ನೀರೂರುವುದಿಲ್ಲ. ನೀರೂರುವುದು ಉಪ್ಪು. ಪರದೆಯ ಹಿಂದೆ ಅಷ್ಟು ಹೊತ್ತು ನಡೆಯುತ್ತಿದ್ದ ಭಕ್ತಿ ಯಾವುದೆಂದು ಅವಳಿಗೆ ನಿಂತ ನಿಲುವಿನಲ್ಲೇ ಅರ್ಥವಾಯಿತು. ಕೈಗೆ ಅಳತೆಯ ನೆನಪಿದೆ ಎಂದು ಇಷ್ಟು ತಿಂಗಳು ಬೀಗಿದ್ದು ನೆನಪಾಗಿ ಮುಖ ಬಿಸಿಯಾಯಿತು.

"ಏನ್ರೀ, ಎಷ್ಟು ಹಾಕಿದಿರಿ?" ಎಂದಳು ಮೆಲ್ಲಗೆ.

"ಏನನ್ನ?"

"ಉಪ್ಪು."

ಅಶ್ವತ್ಥನಾರಾಯಣ ಡ್ರಮ್ಮಿನ ಕಡೆ ನೋಡಿದರು. "ಎರಡು ಹಿಡಿ. ಮನೇಲಿ ದಿನಾ ಒಂದು ಚೂರು ಕಮ್ಮಿ ಇರುತ್ತಲ್ಲ. ಇಲ್ಲಿ ಹಂಡೆ ದೊಡ್ಡದು, ಅದಕ್ಕೇ."

"ದಿನಾನಾ?"

"ನಿನ್ನ ಜ್ವರ ಬಿಟ್ಟ ಮೇಲೆ ಮಾಡಿದೆಯಲ್ಲ, ಆ ಮೊದಲನೇ ಸಾರಿನಿಂದ" ಎಂದರು. ಆಮೇಲೆ ಗಾಬರಿಯಲ್ಲಿ ಸೇರಿಸಿದರು: "ನೈವೇದ್ಯ ಆದ ಮೇಲೇ ರುಚಿ ನೋಡಿ ಹಾಕ್ತಿದ್ದೆ, ಮುಂಚೆ ಅಲ್ಲ. ಇವತ್ತೊಂದೇ ದಿನ ಮುಂಚೆ. ರುಚಿ ನೋಡಿಲ್ಲ, ಬರೀ ಅಂದಾಜು."

"ನನಗೆ ಯಾಕೆ ಹೇಳಲಿಲ್ಲ?"

"ನೀನು ಹೇಳಲಿಲ್ಲವಲ್ಲ. ಗೊತ್ತಾಗದೇ ಇರಲಿ ಅಂತ ನಿನಗಿತ್ತು, ನಾನೂ ಗೊತ್ತಿಲ್ಲದ ಹಾಗೇ ಇದ್ದೆ." ಅಷ್ಟು ಹೇಳಿ ಅವರು ಥಟ್ಟನೆ ತಲೆಯೆತ್ತಿದರು. "ಒಂದು ನಿಮಿಷ. ನಾನು ಹಾಕಿದ್ದು ನಿನಗೆ ಹೇಗೆ ಗೊತ್ತಾಯಿತು?"

"ವಾಸನೆ ಬಂತು" ಎಂದಳು ಸರಳಾ.

ಅಶ್ವತ್ಥನಾರಾಯಣ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡರು. ಆ ತುದಿಯ ತುಂಬ ಉಪ್ಪು. ಕಣ್ಣು ಧಗಧಗ ಉರಿದು ನೀರು ಧಾರೆಯಾಗಿ ಇಳಿಯಿತು. ಸರಳಾ ಚೊಂಬಿನಲ್ಲಿ ನೀರು ತಂದು ಅವರ ಕಣ್ಣು ತೊಳೆದಳು. ಎಷ್ಟು ನೀರು ಉಪ್ಪಿನದು, ಎಷ್ಟು ಅವರದು ಎಂದು ಅವಳು ಕೇಳಲಿಲ್ಲ, ಅವಳ ಕಣ್ಣಿನದನ್ನು ಅವರೂ ಕೇಳಲಿಲ್ಲ.

"ಈಗ ಹಂಡೆ ಗತಿ?" ಎಂದರು ಕಣ್ಣು ಬಿಡಲಾಗದೆ.

"ನಾನಿದೀನಲ್ಲ" ಎಂದಳು ಸರಳಾ. ಯಂಕಪ್ಪನನ್ನು ಕರೆದು, ತೊವ್ವೆಗೆಂದು ಬೇಯಿಸಿಟ್ಟಿದ್ದ, ಇನ್ನೂ ಉಪ್ಪು ಬೀಳದ ಬೇಳೆಯನ್ನೆಲ್ಲ ಹಂಡೆಗೆ ಸುರಿಸಿದಳು. ಬಿಸಿನೀರು ಹೊಯ್ಯಿಸಿ, ಹುಣಸೆ ಕಿವುಚಿ, ಇನ್ನಷ್ಟು ಮಸಾಲೆ ಹಾಕಿ, ಮೂಗು ಇಳಿಸಿ ಇಳಿಸಿ ನೋಡಿದಳು. ಕೊನೆಗೊಮ್ಮೆ ಎರಡೂ ವಾಸನೆ ಒಂದಾಯಿತು. ಆಗಲೇ ಅವಳು ನೈವೇದ್ಯಕ್ಕೆ ತೆಗೆದುಕೊಟ್ಟದ್ದು.

ಪಂಕ್ತಿಯಲ್ಲಿ ಜನ ಹುಳಿಯನ್ನು ಮತ್ತೆ ಮತ್ತೆ ಹಾಕಿಸಿಕೊಂಡರು. "ಎಂಥ ಹದ ಸರಳಕ್ಕ! ಆದ್ರೆ ಈ ಸಲ ತೊವ್ವೆ ಯಾಕೆ ಇಲ್ಲ?" ಎಂದರು ತಾರಾನಾಥ.

"ನಮ್ಮ ಯಜಮಾನರನ್ನ ಕೇಳಿ" ಎಂದು ಸರಳಾ ಮುಂದಿನ ಎಲೆಗೆ ಹೋದಳು. ಕೆಂಪು ಕಣ್ಣಿನ ಅಶ್ವತ್ಥನಾರಾಯಣ ತಾರಾನಾಥರ ಪಕ್ಕದಲ್ಲಿ ಕೂತು, "ನಮ್ಮ ಸರಳಾ ಮದುವೆಯಾದಾಗಿನಿಂದ ಒಂದು ದಿನ ರುಚಿ ನೋಡಿಲ್ಲ" ಎಂದು ಶುರುಮಾಡಿದರು.

ಸಂಜೆಯ ಸ್ಲೋ ಲೋಕಲ್ಲಿನಲ್ಲಿ ಗಂಡ ಹೆಂಡತಿ ಇಬ್ಬರಿಗೂ ಅಪರೂಪಕ್ಕೆ ಪಕ್ಕಪಕ್ಕದಲ್ಲಿ ಸೀಟು ಸಿಕ್ಕಿತು. ಠಾಣೆ ಬರುವ ಹೊತ್ತಿಗೆ ಅವರು ಕೇಳಿದರು: "ಆ ದ್ರಾಕ್ಷಿ ಕ್ಲಾಸಿಗೆ ನನ್ನನ್ನೂ ಸೇರಿಸ್ಕೋತಾರಾ?"

"ಯಾವ ದ್ರಾಕ್ಷಿ ಅಂತ ಗೊತ್ತಾ ನಿಮಗೆ?"

"ಶನಿವಾರ ಶನಿವಾರ ಅಷ್ಟೊಂದು ಏಲಕ್ಕಿ ಯಾರು ತಿಂತಾರೆ? ನನಗೂ ಒಂದು ಮೂಗಿದೆಯಲ್ಲ."

"ಮುಂದಿನ ಬ್ಯಾಚಿಗೆ ಬನ್ನಿ. ಆದರೆ ಅಲ್ಲಿ ಒಂದು ಬಕೆಟ್ ಇಟ್ಟಿರ್ತಾರೆ, ನೋಡಿ ಹೆದರಬೇಡಿ" ಎಂದಳು ಸರಳಾ.

ಸೋಮವಾರ ಬೆಳಿಗ್ಗೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಸರಳಾ ಬಗ್ಗಿದಳು. ಹುಣಸೆ ಒಂದು ಕಡೆ, ಬೇಳೆ ಒಂದು ಕಡೆ, ಎರಡೂ ಸ್ಪಷ್ಟ. ಉಪ್ಪಿನ ಭರಣಿಗೆ ಕೈಹಾಕಿದವಳು ಏನೋ ಯೋಚಿಸಿ ಕೈ ಹಿಂದಕ್ಕೆ ತೆಗೆದಳು, ಮುಚ್ಚಳ ಮುಚ್ಚಿದಳು. ಪಾತ್ರೆಯನ್ನು ಹಾಗೆಯೇ ಗಂಡನ ಕೈಗೆ ಕೊಟ್ಟಳು.

ಅಶ್ವತ್ಥನಾರಾಯಣ ಒಳಗೆ ಹೋಗಿ ಪರದೆ ಎಳೆದರು. ಗಂಟೆ ಬಡಿಯಿತು, ನಿಂತಿತು. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಬೆಳ್ಳಿ ಕರಡಿಗೆಯ ಮುಚ್ಚಳ ತೆಗೆದ ಸದ್ದು. ಸರಳಾ ಎಲೆಗಳ ಮುಂದೆ ಕೂತು, ಸಾರು ಆರಿದರೆ ಆರಲಿ ಎಂದು ಕಾದಳು.

ಅವರು ಹೊರಗೆ ಬಂದು ಪಾತ್ರೆಯನ್ನು ಕೆಳಗಿಟ್ಟು, ಹೆಂಡತಿಯ ಮುಖವನ್ನು ಅನುಮಾನದಿಂದ ನೋಡಿದರು. "ಸರಳಾ, ಮೂಗು ಮತ್ತೆ ಹೋಯಿತಾ? ಇವತ್ತು ಉಪ್ಪೇ ಹಾಕಿಲ್ಲ."

"ಗೊತ್ತು" ಎಂದಳು ಸರಳಾ. "ಬಡಿಸಿ."